ಮೊದಲ ಚಳಿಗಾಲ: ಫರ್ನೇಸ್ ಹೊತ್ತಿಸುವ ಮುನ್ನ ಏನೇನು ನೋಡಿಕೊಳ್ಳಬೇಕು?

ಬಿಸಿಲೂರಿನವಳು (ಮಿನ್ನಿಯಾಪೊಲಿಸ್ ಹತ್ತಿರ)
ಅಕ್ಟೋಬರ್ 4, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳಲ್ಲಿ ನಾವು ಇಲ್ಲಿ ಮೊದಲ ಸ್ವಂತ ಮನೆ ಕೊಂಡೆವು. 1996ರಲ್ಲಿ ಕಟ್ಟಿದ ಮನೆ. ಫರ್ನೇಸ್ (ಗ್ಯಾಸ್ ಉರಿಸಿ ಮನೆಗೆಲ್ಲ ಬಿಸಿಗಾಳಿ ಹಂಚುವ ಯಂತ್ರ) ಮಾತ್ರ 2011ರದ್ದು ಎಂದು ಹಿಂದಿನವರು ಬಿಟ್ಟುಹೋದ ಕಾಗದದಲ್ಲಿದೆ. ಇದುವರೆಗೆ ಅಪಾರ್ಟ್‌ಮೆಂಟಿನಲ್ಲಿದ್ದೆವು. ಚಳಿ ಬಂದರೆ ಗೋಡೆಯ ಗುಂಡಿ ಒತ್ತುತ್ತಿದ್ದೆವು, ಉಳಿದದ್ದು ಮಾಲೀಕರ ಪಾಲು. ಈಗ ನೆಲಮಾಳಿಗೆಯಲ್ಲಿ ಆಳೆತ್ತರದ ಬೂದುಬಣ್ಣದ ಪೆಟ್ಟಿಗೆಯೊಂದು ನಿಂತಿದೆ. ಅದರ ಮುಂದೆ ನಿಂತರೆ ಎಲ್ಲಿಂದ ಶುರು ಮಾಡಬೇಕೆಂಬುದೇ ತೋಚುವುದಿಲ್ಲ.

ನಾನು ರಾಯಚೂರಿನವಳು. ಬೇಸಿಗೆಗೆ ಮನೆಯನ್ನು ಅಣಿಗೊಳಿಸುವುದು ಹೇಗೆಂದರೆ ನಿದ್ದೆಯಲ್ಲೂ ಹೇಳಿಯೇನು: ಕೂಲರ್‌ಗೆ ಹೊಸ ಹುಲ್ಲು, ಮಾಳಿಗೆಗೆ ಸುಣ್ಣ, ಕುಡಿಯುವ ನೀರಿಗೆ ಹೊಸ ಮಡಕೆ. ಚಳಿಗಾಲಕ್ಕೆ ಅಣಿಯಾಗುವುದನ್ನು ನನಗೆ ಯಾರೂ ಕಲಿಸಲಿಲ್ಲ.

ನಿನ್ನೆ ರಾತ್ರಿ ಹೊರಗೆ 38 ಡಿಗ್ರಿ ಫ್ಯಾರನ್‌ಹೀಟ್‌ಗೆ (ಸುಮಾರು 3 ಸೆಲ್ಸಿಯಸ್) ಇಳಿಯಿತು. ಮೊದಲ ಸಲ ಹೀಟ್ ಹಾಕಿದೆವು. ಹತ್ತು ನಿಮಿಷದಲ್ಲಿ ಮನೆ ತುಂಬ ಸುಟ್ಟ ವಾಸನೆ. ಹೆದರಿ ಆರಿಸಿದೆವು. ಇಂದು ಸಂಜೆ ಮತ್ತೆ ಹಾಕಿದರೆ ಬೇರೆಯೇ ಕಥೆ: ಗುಂಯ್ ಎಂಬ ಸದ್ದು, ಟಿಕ್ ಎಂಬ ಸದ್ದು, ಚಿಕ್ಕ ಗಾಜಿನ ಕಿಂಡಿಯಲ್ಲಿ ನೀಲಿ ಬೆಂಕಿ ಕಾಣುತ್ತದೆ, ನಾಲ್ಕೈದು ಸೆಕೆಂಡಿನಲ್ಲಿ ಆರಿಹೋಗುತ್ತದೆ. ಮೂರು ಸಲ ಹೀಗಾಗಿ ಈಗ ಪೂರ್ತಿ ಸುಮ್ಮನಾಗಿದೆ. ಮನೆಯಲ್ಲಿ ಐದು ತಿಂಗಳ ಮಗು ಇದೆ. ತಿಂಗಳ ಕೊನೆಗೆ ಅಪ್ಪ, ಅಮ್ಮ ಮೊದಲ ಬಾರಿಗೆ ಬರುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಹಂಡೆ ಒಲೆ (ಸೇಂಟ್ ಪಾಲ್)
ಅಕ್ಟೋಬರ್ 4, ರಾತ್ರಿ 10:05

ಬೇರೆಲ್ಲ ಆಮೇಲೆ. ಮೊದಲು ಒಂದು ಪ್ರಶ್ನೆ: ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಗುರುತಿಸುವ ಅಲಾರಂ ಇದೆಯೇ? ಎಲ್ಲಿದೆ? ಗೋಡೆಯಿಂದ ತೆಗೆದು ಬೆನ್ನ ಮೇಲಿರುವ ತಯಾರಿಕೆಯ ದಿನಾಂಕವನ್ನು ಓದಿ ಇಲ್ಲಿ ಬರೆಯಿರಿ. ಮಿನ್ನೆಸೋಟದ ಕಾನೂನಿನ ಪ್ರಕಾರ ಮಲಗುವ ಪ್ರತಿ ಕೋಣೆಯಿಂದ ಹತ್ತು ಅಡಿಯೊಳಗೆ ಅಂಥದೊಂದು ಅಲಾರಂ ಇರಲೇಬೇಕು. ಗುಂಡಿ ಒತ್ತಿದಾಗ ಕಿರುಚಿತು ಎಂದ ಮಾತ್ರಕ್ಕೆ ಸರಿಯಿದೆ ಎಂದುಕೊಳ್ಳಬೇಡಿ. ಆ ಗುಂಡಿ ಬ್ಯಾಟರಿಯನ್ನು, ಸದ್ದನ್ನು ಪರೀಕ್ಷಿಸುತ್ತದೆಯೇ ಹೊರತು ಒಳಗಿನ ಸೆನ್ಸರ್ ವಿಷಾನಿಲವನ್ನು ಇನ್ನೂ ಗುರುತಿಸಬಲ್ಲದೇ ಎಂಬುದನ್ನಲ್ಲ. ಮಾದರಿಗೆ ತಕ್ಕಂತೆ ಅದರ ಆಯುಸ್ಸು ಐದರಿಂದ ಹತ್ತು ವರ್ಷ.

ಸುಟ್ಟ ವಾಸನೆಗೆ ಹೆದರಬೇಡಿ. ಬೇಸಿಗೆಯಿಡೀ ಒಳಗೆ ಕೂತ ಧೂಳು ಮೊದಲ ಬಾರಿ ಕಾದಾಗ ಹಾಗೆ ನಾರುತ್ತದೆ. ಕಿಟಕಿ ತೆರೆದಿಟ್ಟು ಒಂದೆರಡು ಗಂಟೆ ಓಡಿಸಿದರೆ ಹೋಗುತ್ತದೆ. ಆಮೇಲೂ ಉಳಿದರೆ, ಅಥವಾ ಪ್ಲಾಸ್ಟಿಕ್, ವೈರ್ ಸುಟ್ಟಂತೆ ಇದ್ದರೆ ಆರಿಸಿ ಕರೆ ಮಾಡಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಅದು ಗ್ಯಾಸ್. ದೀಪದ ಸ್ವಿಚ್ಚನ್ನೂ ಮುಟ್ಟದೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ.

ಬಿಸಿಲೂರಿನವಳು
ಅಕ್ಟೋಬರ್ 4, ರಾತ್ರಿ 10:31

ಮೇಲಿನ ಮಹಡಿಯ ನಡುಮನೆಯಲ್ಲಿ ಒಂದು ಇದೆ. ಹಿಂದೆ 2013 ಎಂದು ಬರೆದಿದೆ. ನಾವು ಮಲಗುವುದು ಮೇಲೆ, ಅಪ್ಪ ಅಮ್ಮನಿಗೆ ನೆಲಮಾಳಿಗೆಯ ಕೋಣೆ ಎಂದುಕೊಂಡಿದ್ದೇವೆ. ಅಲ್ಲಿ ಏನೂ ಇಲ್ಲ.

ಹಂಡೆ ಒಲೆ
ಅಕ್ಟೋಬರ್ 4, ರಾತ್ರಿ 10:36

ನಾಳೆ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಎರಡು ತನ್ನಿ. ಅಪ್ಪ ಅಮ್ಮ ಮಲಗುವ ಕೋಣೆ ಫರ್ನೇಸಿಗೆ ಎಲ್ಲರಿಗಿಂತ ಹತ್ತಿರ. ಈ ರಾತ್ರಿ ಕಂಬಳಿ ಹೊದ್ದು ಮಲಗಿ, ಫರ್ನೇಸಿನ ತಂಟೆಗೆ ಹೋಗಬೇಡಿ. 38 ಡಿಗ್ರಿಗೆ ಮನೆಯೇನೂ ಹೆಪ್ಪುಗಟ್ಟುವುದಿಲ್ಲ.

ಗಾಳಿಯಂತ್ರ (ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್)
ಅಕ್ಟೋಬರ್ 5, ಬೆಳಿಗ್ಗೆ 7:15

ನಾನು ಇದೇ ಕ್ಷೇತ್ರದಲ್ಲಿ ಎಂಜಿನಿಯರ್. ನೀವು ಕೊಟ್ಟ ವಿವರಣೆ ಎಷ್ಟು ಚೆನ್ನಾಗಿದೆಯೆಂದರೆ ಅರ್ಧ ಉತ್ತರ ಅದರೊಳಗೇ ಇದೆ. ಗ್ಯಾಸ್ ಫರ್ನೇಸ್ ಹೊತ್ತಿಕೊಳ್ಳುವುದು ಒಂದು ಸರದಿಯಲ್ಲಿ. ಆ ಸರದಿ ತಿಳಿದರೆ ಎಲ್ಲಿ ನಿಂತಿತು ಎಂಬುದು ಕಿವಿಗೇ ಗೊತ್ತಾಗುತ್ತದೆ.

ಥರ್ಮೋಸ್ಟಾಟ್ (ಮನೆಯ ಶಾಖ ಹೊಂದಿಸುವ ಗೋಡೆಯ ಸಾಧನ) ಶಾಖ ಬೇಕೆಂದು ಹೇಳಿದಾಗ ಮೊದಲು ಓಡುವುದು ಒಂದು ಪುಟ್ಟ ಫ್ಯಾನ್. ನೀವು ಕೇಳಿದ ಗುಂಯ್ ಅದೇ. ಹಳೆಯ ಹೊಗೆಯನ್ನು ಹೊರದಬ್ಬಿ, ಹೊಗೆಯ ದಾರಿ ತೆರೆದಿದೆ ಎಂದು ತೋರಿಸಿಕೊಡುವುದು ಅದರ ಕೆಲಸ. ಆ ಸೆಳೆತವನ್ನು ಪ್ರೆಷರ್ ಸ್ವಿಚ್ ಅಳೆದು ಒಪ್ಪಿಗೆ ಕೊಡುತ್ತದೆ. ದಾರಿ ಕಟ್ಟಿಕೊಂಡಿದ್ದರೆ ಇಲ್ಲಿಯೇ ನಿಂತುಬಿಡುತ್ತದೆ, ಬೆಂಕಿ ಹೊತ್ತುವುದೇ ಇಲ್ಲ. ಒಪ್ಪಿಗೆ ಸಿಕ್ಕರೆ ಇಗ್ನೈಟರ್ ಕೆಂಡದಂತೆ ಕೆಂಪಗೆ ಕಾಯುತ್ತದೆ. ಬಳಿಕ ಟಿಕ್ ಎಂದು ಗ್ಯಾಸ್ ಕವಾಟ ತೆರೆಯುತ್ತದೆ, ಜ್ವಾಲೆ ಹೊತ್ತುತ್ತದೆ. ಇಷ್ಟರವರೆಗೆ ನಿಮ್ಮದು ಸರಿಯಾಗಿಯೇ ನಡೆಯುತ್ತಿದೆ.

ಈಗ ಯಂತ್ರಕ್ಕೆ ಒಂದು ಅನುಮಾನ: ಗ್ಯಾಸ್ ಬಿಟ್ಟಿದ್ದೇನೆ, ನಿಜವಾಗಿ ಬೆಂಕಿ ಹೊತ್ತಿದೆಯೇ? ಅದನ್ನು ಹೇಳುವುದು ಫ್ಲೇಮ್ ಸೆನ್ಸರ್. ಪೆನ್ಸಿಲ್‌ಗಿಂತ ತೆಳುವಾದ ಒಂದು ಲೋಹದ ಕಡ್ಡಿ, ಜ್ವಾಲೆಯೊಳಗೇ ಚಾಚಿಕೊಂಡಿರುತ್ತದೆ. ಜ್ವಾಲೆಯ ಮೂಲಕ ವಿದ್ಯುತ್ ಹರಿಯಬಲ್ಲದು, ಆದರೆ ಬಹುಪಾಲು ಒಂದೇ ದಿಕ್ಕಿಗೆ. ಆ ಹರಿವು ಕೆಲವೇ ಮೈಕ್ರೋಆಂಪ್, ಅಂದರೆ ಒಂದು ಆಂಪಿಯರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವು ಪಾಲು. ಕಡ್ಡಿಯ ಮೇಲೆ ವರ್ಷಗಳಿಂದ ಬಿಳಿಯ ಪೊರೆ ಕಟ್ಟಿದ್ದರೆ ಆ ಸಣ್ಣ ಹರಿವೂ ನಿಲ್ಲುತ್ತದೆ. ಕಣ್ಣೆದುರು ಬೆಂಕಿ ಉರಿಯುತ್ತಿದ್ದರೂ ಯಂತ್ರಕ್ಕೆ ಅದು ಕಾಣುವುದಿಲ್ಲ. ಹೊತ್ತದ ಗ್ಯಾಸ್ ತುಂಬಿಕೊಂಡೀತು ಎಂದು ಕವಾಟ ಮುಚ್ಚುತ್ತದೆ. ಕೆಲವು ಸಲ ಪ್ರಯತ್ನಿಸಿ ಬೀಗ ಹಾಕಿಕೊಳ್ಳುತ್ತದೆ. ನಿಮ್ಮಲ್ಲಿ ಆದದ್ದು ಇದೇ ಎಂದು ನನ್ನ ಬಲವಾದ ಊಹೆ. ಇದು ಕೆಡುಕಲ್ಲ, ಯಂತ್ರ ನಿಮ್ಮನ್ನು ಕಾಯುತ್ತಿರುವ ರೀತಿ.

ಮೇಲಿನ ಬಾಗಿಲಿನ ಕಿಂಡಿಯೊಳಗೆ ಸಣ್ಣ ದೀಪವೊಂದು ಮಿನುಗುತ್ತಿರುತ್ತದೆ. ಎಷ್ಟು ಬಾರಿ ಮಿನುಗಿ ನಿಲ್ಲುತ್ತದೆ ಎಣಿಸಿ. ಬಾಗಿಲ ಒಳಮೈಗೆ ಅಂಟಿಸಿದ ಪಟ್ಟಿಯಲ್ಲಿ ಅದರ ಅರ್ಥ ಇರುತ್ತದೆ.

ಡೆಟ್ರಾಯಿಟ್ ದಾರಿ (ಮಿಷಿಗನ್)
ಅಕ್ಟೋಬರ್ 5, ಬೆಳಿಗ್ಗೆ 8:02

ಇದನ್ನು ನಾನು ಕೈಯಾರೆ ಮಾಡಿದ್ದೇನೆ. ಫರ್ನೇಸಿನ ಪಕ್ಕದ ವಿದ್ಯುತ್ ಸ್ವಿಚ್ ಆರಿಸಿ, ಗ್ಯಾಸ್ ಕೊಳವೆಯ ತಿರುಪನ್ನು ಅಡ್ಡಕ್ಕೆ ತಿರುಗಿಸಿ, ಒಂದೇ ಸ್ಕ್ರೂ ಬಿಚ್ಚಿದರೆ ಕಡ್ಡಿ ಹೊರಗೆ ಬರುತ್ತದೆ. ಅತಿ ನಯವಾದ ಸ್ಟೀಲ್ ಉಣ್ಣೆಯಿಂದ ಮೆಲ್ಲಗೆ ಉಜ್ಜಿ, ಒಣಬಟ್ಟೆಯಿಂದ ಒರೆಸಿ ಮತ್ತೆ ಕೂರಿಸುವುದು. ಹದಿನೈದು ನಿಮಿಷದ ಕೆಲಸ. ಒರಟು ಮರಳು ಕಾಗದ ಬೇಡ. ಅದರಿಂದಾಗುವ ಗೀರುಗಳಲ್ಲಿ ಪೊರೆ ಇನ್ನೂ ಬೇಗ ಕಟ್ಟುತ್ತದೆ. ಪಕ್ಕದಲ್ಲೇ ಇರುವ ಇಗ್ನೈಟರನ್ನು ಬೆರಳಿನಿಂದ ಮುಟ್ಟಬೇಡಿ. ಹಳೆಯ ಬಗೆಯವು ಹಪ್ಪಳದಂತೆ ಮುರಿಯುತ್ತವೆ, ಬೆರಳಿನ ಜಿಡ್ಡು ತಾಗಿದರೂ ಅವುಗಳ ಆಯುಸ್ಸು ಕುಗ್ಗುತ್ತದೆ.

ಟೊರೊಂಟೊ ತುಂಗಭದ್ರೆ (ಮಿಸ್ಸಿಸಾಗ, ಕೆನಡಾ)
ಅಕ್ಟೋಬರ್ 5, ಬೆಳಿಗ್ಗೆ 8:40

ಮೊದಲ ಚಳಿಗಾಲದಲ್ಲಿ, ಐದು ತಿಂಗಳ ಮಗುವನ್ನಿಟ್ಟುಕೊಂಡು, ಫರ್ನೇಸಿನ ಒಡಲನ್ನು ತಾವೇ ಬಿಚ್ಚಬೇಕೆಂದು ನಾನಂತೂ ಹೇಳಲಾರೆ. ನಮ್ಮ ಒಂಟಾರಿಯೊದಲ್ಲಿ ಗ್ಯಾಸ್ ಉಪಕರಣಗಳ ದುರಸ್ತಿಗೆ ಪರವಾನಗಿ ಪಡೆದ ತಂತ್ರಜ್ಞರೇ ಬರಬೇಕು. ಅದರ ಹಿಂದೆ ಕಾರಣವಿದೆ.

2008ರ ಡಿಸೆಂಬರ್‌ನಲ್ಲಿ ಇಲ್ಲಿಯ ವುಡ್‌ಸ್ಟಾಕ್ ಪಟ್ಟಣದಲ್ಲಿ ಒಂದು ಮನೆಯ ಗ್ಯಾಸ್ ಅಗ್ಗಿಷ್ಟಿಕೆಯ ಹೊಗೆದಾರಿ ಕಟ್ಟಿಕೊಂಡು ತಂದೆ, ತಾಯಿ, ಇಬ್ಬರು ಮಕ್ಕಳು ಕಾರ್ಬನ್ ಮೊನಾಕ್ಸೈಡಿಗೆ ಬಲಿಯಾದರು. ಮನೆಯಲ್ಲಿ ಅಲಾರಂ ಇರಲಿಲ್ಲ. ಅಗ್ನಿಶಾಮಕ ದಳದಲ್ಲಿ ದುಡಿದಿದ್ದ ಅವರ ಬಂಧುವೊಬ್ಬರು ವರ್ಷಗಟ್ಟಲೆ ಓಡಾಡಿದ ಫಲವಾಗಿ 2013ರಲ್ಲಿ ಹಾಕಿನ್ಸ್ ಗಿನ್ಯಾಕ್ ಕಾಯ್ದೆ ಬಂತು. ಒಂಟಾರಿಯೊದ ಮನೆಗಳಲ್ಲಿ ಅಲಾರಂ ಕಡ್ಡಾಯವಾದದ್ದು ಹಾಗೆ. ನಾನು ಪ್ರತಿ ಅಕ್ಟೋಬರ್‌ನಲ್ಲಿ ಅಲಾರಂ ಪರೀಕ್ಷಿಸುವಾಗ ಆ ಮಕ್ಕಳನ್ನು ನೆನೆಯುತ್ತೇನೆ.

ಗಾಳಿಯಂತ್ರ
ಅಕ್ಟೋಬರ್ 5, ಬೆಳಿಗ್ಗೆ 9:10

ತುಂಗಭದ್ರೆಯವರ ಮಾತನ್ನು ಒಪ್ಪುತ್ತೇನೆ. ಕೈ ಪಳಗಿದವರಿಗೆ ಸೆನ್ಸರ್ ಉಜ್ಜುವುದು ಸುಲಭ. ಆದರೆ ಈ ಫರ್ನೇಸ್ 2011ರದ್ದು, ಯಾರು ಯಾವಾಗ ನೋಡಿದ್ದಾರೋ ದಾಖಲೆಯಿಲ್ಲ. ತಂತ್ರಜ್ಞರನ್ನು ಕರೆಸಿ. ಸೆನ್ಸರ್ ಒಂದನ್ನೇ ಉಜ್ಜಿ ಹೋಗಲು ಬಿಡಬೇಡಿ. ಗ್ಯಾಸ್ ಒತ್ತಡ ಅಳೆಯಲಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ಯಂತ್ರವಿಟ್ಟು ಅಳೆಯಲಿ. ಬೆಂಕಿಯ ಶಾಖವನ್ನು ಮನೆಯ ಗಾಳಿಗೆ ದಾಟಿಸುವ ಲೋಹದ ಭಾಗವಾದ ಹೀಟ್ ಎಕ್ಸ್‌ಚೇಂಜರಿನಲ್ಲಿ ಬಿರುಕಿದೆಯೇ ನೋಡಲಿ. ಒಳಹೋಗುವ ಗಾಳಿ ಮತ್ತು ಹೊರಬರುವ ಗಾಳಿಯ ಉಷ್ಣತೆಯ ವ್ಯತ್ಯಾಸ ಅಳೆಯಲಿ. ಅದು ಎಷ್ಟಿರಬೇಕೆಂದು ಫರ್ನೇಸಿನ ಒಳಗಿನ ಫಲಕದಲ್ಲೇ ಮುದ್ರಿಸಿರುತ್ತಾರೆ. ಅಳತೆಗಳನ್ನೆಲ್ಲ ಕಾಗದದಲ್ಲಿ ಬರೆದುಕೊಡಲು ಕೇಳಿ. ಬರೆದುಕೊಡದವರು ಅಳೆದಿಲ್ಲ ಎಂದೇ ನಾನು ತಿಳಿಯುತ್ತೇನೆ.

ನೀವೇ ಮಾಡಬಹುದಾದದ್ದೂ ಇದೆ. ಫಿಲ್ಟರ್ ತೆಗೆದು ನೋಡಿ. ಥರ್ಮೋಸ್ಟಾಟಿನ ಬ್ಯಾಟರಿ ಬದಲಿಸಿ. ಮನೆಯ ಹೊರಗೋಡೆಗೆ ಹೋಗಿ, ಬಿಳಿಯ ಪ್ಲಾಸ್ಟಿಕ್ ಕೊಳವೆಗಳು ಎರಡು ಹೊರಬಂದಿವೆಯೇ ನೋಡಿ ತಿಳಿಸಿ. ಒಂದು ಫರ್ನೇಸಿಗೆ ಗಾಳಿ ಎಳೆಯುತ್ತದೆ, ಇನ್ನೊಂದು ಹೊಗೆಯನ್ನು ಹೊರಬಿಡುತ್ತದೆ.

ಬಿಸಿಲೂರಿನವಳು
ಅಕ್ಟೋಬರ್ 5, ಮಧ್ಯಾಹ್ನ 1:20

ಅಲಾರಂ ಎರಡು ತಂದು ಹಾಕಿದೆವು. ಹೊರಗೆ ಎರಡು ಬಿಳಿ ಕೊಳವೆಗಳಿವೆ. ಒಂದರ ಬಾಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಫಿಲ್ಟರ್ ತೆಗೆದಾಗ ನಾಚಿಕೆಯಾಯಿತು. ಬೂದುಬಣ್ಣದ ಕಂಬಳಿಯಂತಾಗಿತ್ತು. ಜೂನ್‌ನಿಂದ ಮುಟ್ಟಿಲ್ಲ, ಎಸಿ ಓಡುವಾಗಲೂ ಅದೇ ಫಿಲ್ಟರ್ ಎಂಬುದೇ ತಿಳಿದಿರಲಿಲ್ಲ. ಅಂಗಡಿಯಲ್ಲಿ ಹತ್ತಾರು ಬಗೆ ಇವೆ, ಯಾವುದನ್ನು ತರಲಿ? ಅಂಚಿನಲ್ಲಿ 16×25×1 ಎಂದಿದೆ.

ಇನ್ನೊಂದು ಸಂಗತಿ. ಸೆಪ್ಟೆಂಬರ್‌ನಲ್ಲಿ ಎಸಿ ಹಾಕಿದಾಗ ಎಲ್ಲ ಕೋಣೆಗೂ ಗಾಳಿ ಚೆನ್ನಾಗಿ ಬರುತ್ತಿತ್ತು. ಈ ವಾರ ಬರಿಯ ಫ್ಯಾನ್ ಓಡಿಸಿದರೂ ಗಾಳಿ ಕುಗ್ಗಿದಂತಿದೆ.

ಕಡಲ ತಡಿ (ಶಿಕಾಗೊ ಉಪನಗರ)
ಅಕ್ಟೋಬರ್ 5, ಮಧ್ಯಾಹ್ನ 2:05

ನವರಾತ್ರಿಗೆ ಗೊಂಬೆ ಕೂರಿಸಿದ್ದೀರಾ? ಕೂರಿಸಿದ್ದರೆ ಎಲ್ಲಿ?

ಬಿಸಿಲೂರಿನವಳು
ಅಕ್ಟೋಬರ್ 5, ಮಧ್ಯಾಹ್ನ 2:18

ಹೌದು, ನಮ್ಮವರು ಮೈಸೂರಿನವರು, ಪಟ್ಟದ ಗೊಂಬೆ ಇಲ್ಲದೆ ಅವರಿಗೆ ದಸರಾ ಇಲ್ಲ. ಏಳು ಮೆಟ್ಟಿಲು, ನಡುಮನೆಯ ದೊಡ್ಡ ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಏಕೆ ಕೇಳಿದಿರಿ?

ಓ. ಈಗ ಎದ್ದು ಹೋಗಿ ನೋಡಿದೆ. ಆ ಗೋಡೆಯ ಕೆಳಗೆ ಉದ್ದನೆಯ ಜಾಲರಿ ಇದೆ. ಮೆಟ್ಟಿಲಿನ ಹಿಂದೆ ಪೂರ್ತಿ ಮುಚ್ಚಿಹೋಗಿದೆ, ಮೇಲೆ ರೇಷ್ಮೆ ಸೀರೆಯ ಹೊದಿಕೆ ಬೇರೆ.

ಕಡಲ ತಡಿ
ಅಕ್ಟೋಬರ್ 5, ಮಧ್ಯಾಹ್ನ 2:30

ಅದು ಫರ್ನೇಸ್ ಉಸಿರೆಳೆದುಕೊಳ್ಳುವ ಮೂಗು. ನಮ್ಮ ಮನೆಯಲ್ಲಿ ಎರಡು ವರ್ಷ ಇದೇ ಆಗಿ, ಮೂರನೆಯ ವರ್ಷ ಗೊತ್ತಾಯಿತು. ಬಿಸಿಗಾಳಿ ಬರುವ ಕಿಂಡಿಗಳನ್ನು ಎಲ್ಲರೂ ಗಮನಿಸುತ್ತಾರೆ, ಗಾಳಿ ವಾಪಸ್ ಹೋಗುವ ಜಾಲರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೆಟ್ಟಿಲುಗಳನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆಯಿರಿ, ಸೀರೆಯ ಅಂಚನ್ನು ಎತ್ತಿ ಕಟ್ಟಿ. ಗೊಂಬೆಗಳು ಕದಲದ ಹಾಗೆ ಇಬ್ಬರು ಹಿಡಿದು ಎಳೆಯಿರಿ.

ಗಾಳಿಯಂತ್ರ
ಅಕ್ಟೋಬರ್ 5, ಸಂಜೆ 5:45

ಕಡಲ ತಡಿಯವರ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಕಟ್ಟಿದ ಫಿಲ್ಟರ್, ಮುಚ್ಚಿದ ಜಾಲರಿ ಎರಡೂ ಸೇರಿದರೆ ಗಾಳಿ ಸಾಲದೆ ಒಳಗಿನ ಲೋಹ ಅತಿಯಾಗಿ ಕಾಯುತ್ತದೆ. ಲಿಮಿಟ್ ಸ್ವಿಚ್ ಬೆಂಕಿ ಆರಿಸುತ್ತದೆ. ತಣ್ಣಗಾದ ಮೇಲೆ ಮತ್ತೆ ಹೊತ್ತುತ್ತದೆ. ವರ್ಷಗಳ ಕಾಲ ಹೀಗೆ ಕಾದು ತಣಿದೇ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಡುವುದು. ಬಳಸದ ಕೋಣೆಗಳ ಕಿಂಡಿ ಮುಚ್ಚಿದರೆ ಗ್ಯಾಸ್ ಉಳಿಯುತ್ತದೆ ಎಂದು ನಮ್ಮವರು ಬಹಳಷ್ಟು ಮಂದಿ ನಂಬಿದ್ದಾರೆ. ಉಳಿಯುವುದಿಲ್ಲ, ಇದೇ ತೊಂದರೆ ಬರುತ್ತದೆ.

ಫಿಲ್ಟರ್: ಒಂದು ಇಂಚಿನ ದಪ್ಪಕ್ಕೆ ಮರ್ವ್ 8 ಸಾಕು. ಮರ್ವ್ ಎಂದರೆ ಫಿಲ್ಟರ್ ಎಷ್ಟು ನಯವಾಗಿ ಸೋಸುತ್ತದೆ ಎಂಬುದರ ಅಂಕಿ, ಹೆಚ್ಚಿದಷ್ಟೂ ಸಣ್ಣ ಕಣ ಹಿಡಿಯುತ್ತದೆ. ಪೆಟ್ಟಿಗೆಯ ಮೇಲಿನ ಬಾಣ ಫರ್ನೇಸಿನ ಕಡೆಗೆ ಇರಲಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಮೂರು ತಿಂಗಳು ದಾಟಿಸಬೇಡಿ. ದಿನವೂ ಒಗ್ಗರಣೆ, ಅಗರಬತ್ತಿ, ಎಣ್ಣೆ ದೀಪ ಇರುವ ಮನೆಯಲ್ಲಿ ಅದು ಬೇಗ ಕಟ್ಟುತ್ತದೆ.

ಡೆಟ್ರಾಯಿಟ್ ದಾರಿ
ಅಕ್ಟೋಬರ್ 5, ಸಂಜೆ 6:20

ಇಲ್ಲಿ ನನ್ನದು ಭಿನ್ನಾಭಿಪ್ರಾಯ. 2023ರ ಜೂನ್‌ನಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ಇಲ್ಲಿಗೆ ಬಂದಾಗ ಮರ್ವ್ 8 ನಮ್ಮ ಮನೆಗೆ ಏನೂ ಮಾಡಲಿಲ್ಲ. ಮಗಳಿಗೆ ಉಬ್ಬಸ ಇದೆ. ಅಂದಿನಿಂದ ಮರ್ವ್ 13 ಬಿಟ್ಟು ಬೇರೆ ಹಾಕಿಲ್ಲ.

ಗಾಳಿಯಂತ್ರ
ಅಕ್ಟೋಬರ್ 5, ಸಂಜೆ 6:50

ಉಬ್ಬಸ ಇರುವ ಮನೆಗೆ 13 ಬೇಕು, ಒಪ್ಪಿದೆ. ಆದರೆ ಒಂದು ಇಂಚಿನ 13 ಹಲವು ಫರ್ನೇಸ್‌ಗಳ ಉಸಿರು ಕಟ್ಟಿಸುತ್ತದೆ. ನಾಲ್ಕು ಇಂಚಿನ ಫಿಲ್ಟರ್ ಹಿಡಿಯುವ ಪೆಟ್ಟಿಗೆ ಕೂರಿಸಿಕೊಳ್ಳಿ. ಮಡಿಕೆಗಳು ಆಳವಾಗಿರುವುದರಿಂದ ಗಾಳಿ ಹಾಯುವ ಜಾಗ ಹೆಚ್ಚು. ಆರು ತಿಂಗಳಾದರೂ ಬರುತ್ತದೆ.

ಡೆಟ್ರಾಯಿಟ್ ದಾರಿ
ಅಕ್ಟೋಬರ್ 5, ಸಂಜೆ 7:05

ಸರಿ, ಈ ಚಳಿಗಾಲಕ್ಕೆ ಮುನ್ನ ಅದನ್ನೇ ಮಾಡಿಸುತ್ತೇನೆ.

ತಂತ್ರಜ್ಞರ ಮಾತು ಬಂದದ್ದರಿಂದ ನನ್ನ ಅನುಭವವನ್ನೂ ಹೇಳುತ್ತೇನೆ. ಮೂರು ವರ್ಷದ ಹಿಂದೆ ಅಗ್ಗದ ತಪಾಸಣೆಯ ಜಾಹೀರಾತು ನೋಡಿ ಒಬ್ಬರನ್ನು ಕರೆಸಿದೆ. ಇಪ್ಪತ್ತೇ ನಿಮಿಷದಲ್ಲಿ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ, ಈ ರಾತ್ರಿ ಮನೆಯಲ್ಲಿ ಮಲಗಿದರೆ ಜೀವಕ್ಕೆ ಅಪಾಯ, ಹೊಸದಕ್ಕೆ ಏಳು ಸಾವಿರ ಡಾಲರ್, ಈಗಲೇ ಸಹಿ ಮಾಡಿ ಎಂದರು. ಬಿರುಕು ತೋರಿಸಿ ಎಂದರೆ ಮಸುಕಾದ ಒಂದು ಫೋಟೋ. ಹೆಂಡತಿ ಅಳುವಂತಾದಳು. ನಾನು ಫರ್ನೇಸ್ ಆರಿಸಿ, ಮರುದಿನ ಬೇರೊಬ್ಬರನ್ನು ಕರೆಸಿದೆ. ಅವರು ಕ್ಯಾಮೆರಾ ಇಳಿಸಿ ಒಂದೊಂದು ಕೊಳವೆಯನ್ನೂ ನನಗೆ ತೋರಿಸಿದರು. ಬಿರುಕು ಇರಲಿಲ್ಲ. ಅದೇ ಫರ್ನೇಸ್ ಈಗಲೂ ಓಡುತ್ತಿದೆ. ಭಯವನ್ನು ಮಾರುವವರ ಮೇಲೆ ನನಗೆ ಇಂದಿಗೂ ಕೋಪವಿದೆ, ಏಕೆಂದರೆ ಅಂಥವರಿಂದಾಗಿ ನಿಜವಾದ ಎಚ್ಚರಿಕೆಯನ್ನೂ ಜನ ನಂಬದಂತಾಗುತ್ತಾರೆ. ಎರಡನೆಯ ಅಭಿಪ್ರಾಯ ಕೇಳಿ. ಆದರೆ ಅದು ಬರುವವರೆಗೆ ಫರ್ನೇಸ್ ಹಚ್ಚಬೇಡಿ. ಬಿರುಕು ನಿಜವೇ ಆದರೆ ಮೊದಲು ವಾರಂಟಿ ಕಾಗದ ಹುಡುಕಿ. ಉಳಿದ ಭಾಗಗಳಿಗಿಂತ ಹೀಟ್ ಎಕ್ಸ್‌ಚೇಂಜರಿಗೆ ತಯಾರಕರು ಹೆಚ್ಚು ವರ್ಷ ಕೊಟ್ಟಿರುತ್ತಾರೆ.

ನಿವೃತ್ತ ಮೇಷ್ಟ್ರು (ತುಮಕೂರು)
ಅಕ್ಟೋಬರ್ 6, ಬೆಳಿಗ್ಗೆ 6:30

ನಾನು ಓದುಗನಾಗಿ ಬಂದವನು. ನನ್ನ ಮಗ ಕೆನಡಾದಲ್ಲಿದ್ದಾನೆ, ನವೆಂಬರ್‌ನಲ್ಲಿ ಹೊರಡುತ್ತಿದ್ದೇವೆ. ಹೋದ ವರ್ಷ ಅಲ್ಲಿದ್ದಾಗ ಪ್ರತಿ ಬೆಳಿಗ್ಗೆ ತಲೆನೋವು, ಗಂಟಲು ಒಣಗುವುದು, ಒಂದೆರಡು ಸಲ ಮೂಗಿನಲ್ಲಿ ರಕ್ತ. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿದ್ದುದರಿಂದ ಕಿಂಡಿಯ ಮೇಲೆ ಟವೆಲ್ ಹಾಸುತ್ತಿದ್ದೆ. ಗ್ಯಾಸ್ ಸೋರುತ್ತಿದ್ದರೆ ವಾಸನೆ ಬರುತ್ತಿತ್ತಲ್ಲವೇ ಎಂದು ಸುಮ್ಮನಿದ್ದೆ. ಈಗ ನಿಮ್ಮ ಮಾತುಗಳನ್ನು ಓದಿ ಯೋಚನೆಯಾಗುತ್ತಿದೆ.

ಹಂಡೆ ಒಲೆ
ಅಕ್ಟೋಬರ್ 6, ಬೆಳಿಗ್ಗೆ 8:15

ಮೇಷ್ಟ್ರೇ, ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಸಿಲಿಂಡರ್ ಗ್ಯಾಸಿನ ಜೊತೆ ಬಾಳಿದ ನಮಗೆಲ್ಲ ಮೂಗನ್ನು ನಂಬುವ ಅಭ್ಯಾಸ. ಸೋರಿದರೆ ನಾರುತ್ತದೆ, ನಾರದಿದ್ದರೆ ಕ್ಷೇಮ. ಆ ವಾಸನೆ ಗ್ಯಾಸಿನದಲ್ಲ, ಸೋರಿಕೆ ಗೊತ್ತಾಗಲೆಂದು ಬೆರೆಸಿದ ಮರ್ಕ್ಯಾಪ್ಟಾನಿನದು. ಉರಿದ ಗ್ಯಾಸಿನಲ್ಲಿ ಆ ವಾಸನೆ ಉಳಿಯುವುದಿಲ್ಲ. ಅರೆಬರೆ ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು: ನೆಗಡಿ ಜ್ವರದಂತೆಯೇ ಕಾಣುತ್ತದೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದನ್ನೇ ಶಂಕಿಸಬೇಕು. ಬೆಂಗಳೂರಿನಲ್ಲಿ ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟು ಪ್ರಾಣ ಕಳೆದುಕೊಂಡವರ ಸುದ್ದಿ ನೀವೂ ಓದಿರುತ್ತೀರಿ. ಅದೂ ಇದೇ ವಿಷ.

ನಿಮ್ಮ ಮೂಗಿನ ರಕ್ತ, ಗಂಟಲು ಒಣಗುವುದು ಗಾಳಿಯ ಒಣತನದಿಂದ ಇರಬಹುದು. ಆದರೆ ತಲೆನೋವಿನ ಕಾರಣವನ್ನು ಊಹೆಗೆ ಬಿಡಬೇಡಿ. ನೀವು ಹೊರಡುವ ಮುನ್ನವೇ ಮಗನಿಗೆ ಫೋನ್ ಮಾಡಿ, ನೀವು ಮಲಗುವ ಕೋಣೆಯ ಬಳಿ ಹೊಸ ಅಲಾರಂ ಹಾಕಿಸಿ, ಫರ್ನೇಸ್ ನೋಡಿಸಲು ಹೇಳಿ. ಅಪ್ಪ ಹೇಳಿದರೆ ಮಗ ಮಾಡುತ್ತಾನೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಬಚ್ಚಲ ಒಲೆಯಲ್ಲಿ ದಿನಕ್ಕೆರಡು ಬಾರಿ ಬೆಂಕಿ. ಬೂದಿ ತೆಗೆಯುವುದು, ಹಂಡೆಯ ಮಸಿ ಕೆರೆಯುವುದು, ಮಳೆಗಾಲಕ್ಕೆ ಮುನ್ನ ಕಟ್ಟಿಗೆ ಒಟ್ಟುವುದು ನಮ್ಮ ಕೆಲಸ. ಹೊಗೆ ಹಿಂದಕ್ಕೆ ಹೊಡೆದರೆ ಅಜ್ಜಿ ಮೂಗಿನಿಂದಲೇ ತಿಳಿದು ಹೇಳುತ್ತಿದ್ದಳು, ದಾರಿ ಕಟ್ಟಿದೆ ನೋಡು ಎಂದು. ಇಲ್ಲಿಯೂ ಮನೆಯೊಳಗೆ ಉರಿಯುವುದು ಬೆಂಕಿಯೇ. ಆದರೆ ಕಣ್ಣಿಗೆ ಬೀಳದ ಕಡೆ ಉರಿಯುತ್ತದೆ, ಅದರ ಹೊಗೆ ಮೂಗಿಗೆ ಸಿಗುವುದಿಲ್ಲ. ನಾನು ವರ್ಷಕ್ಕೊಮ್ಮೆ ಕಿಂಡಿಯ ಮುಂದೆ ಕೂತು ಜ್ವಾಲೆ ನೋಡುತ್ತೇನೆ. ನೀಲಿಯಾಗಿ, ಅಲುಗದೆ ನಿಂತಿರಬೇಕು. ಹಳದಿಯಾಗಿ ತೂಗಾಡಿದರೆ, ಅಥವಾ ಮನೆಗೆ ಬಿಸಿಗಾಳಿ ತಳ್ಳುವ ದೊಡ್ಡ ಫ್ಯಾನ್ (ಬ್ಲೋವರ್) ಶುರುವಾದ ಕೂಡಲೇ ಜ್ವಾಲೆ ಹೊರಳಿದರೆ, ಆರಿಸಿ ಫೋನ್ ಎತ್ತುತ್ತೇನೆ.

ಕಡಲ ತಡಿ
ಅಕ್ಟೋಬರ್ 6, ಬೆಳಿಗ್ಗೆ 9:00

ಒಣತನಕ್ಕೆ: ಫರ್ನೇಸಿನ ಪಕ್ಕದಲ್ಲಿ ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಸಾಧನ) ಇದೆಯೇ ನೋಡಿ. ಇದ್ದರೆ ಒಳಗಿನ ಪ್ಯಾಡ್ ಬದಲಿಸಿ, ನೀರಿನ ನಲ್ಲಿ ತೆರೆಯಿರಿ, ಗಾಳಿಯ ತಡೆಯನ್ನು ಚಳಿಗಾಲದ ಗುರುತಿಗೆ ತಿರುಗಿಸಿ. ಬೇಸಿಗೆಯಲ್ಲಿ ಮುಚ್ಚಿ, ಅಕ್ಟೋಬರ್‌ನಲ್ಲಿ ತೆರೆಯಲು ಎಲ್ಲರೂ ಮರೆಯುತ್ತಾರೆ. ತೇವಾಂಶ 35 ಶೇಕಡ ಇದ್ದರೆ ಹಿರಿಯರಿಗೂ ಮಗುವಿಗೂ ಹಿತ. ಕೊರೆಯುವ ಚಳಿಯಲ್ಲಿ ಅಷ್ಟು ಇಡಬೇಡಿ. ಹೊರಗೆ ಸೊನ್ನೆ ಫ್ಯಾರನ್‌ಹೀಟ್ ಆದರೆ ಸುಮಾರು 30, ಸೊನ್ನೆಗಿಂತ 20 ಕೆಳಗೆ ಹೋದರೆ ಸುಮಾರು 20. ಇಲ್ಲದಿದ್ದರೆ ಕಿಟಕಿಯ ಗಾಜಿನಲ್ಲಿ ನೀರಿಳಿದು ಚೌಕಟ್ಟು ಬೂಷ್ಟು ಹಿಡಿಯುತ್ತದೆ.

ಆಸ್ಟಿನ್‌ವಾಸಿ (ಟೆಕ್ಸಾಸ್)
ಅಕ್ಟೋಬರ್ 6, ಬೆಳಿಗ್ಗೆ 10:10

ನಮ್ಮ ಕಡೆ ಚಳಿಯೇ ಇಲ್ಲ ಎಂದು ನಾವೂ ನಿಶ್ಚಿಂತರಾಗಿದ್ದೆವು. 2021ರ ಫೆಬ್ರವರಿಯಲ್ಲಿ ಹಿಮ ಬಿದ್ದು ಕರೆಂಟ್ ಹೋದಾಗ ನಮ್ಮ ಹೀಟರ್ ದಿನಗಟ್ಟಲೆ ಸತ್ತಂತೆ ಬಿದ್ದಿತ್ತು. ಗ್ಯಾಸ್ ಫರ್ನೇಸ್ ಇದ್ದವರಿಗೂ ಅದೇ ಗತಿ, ಫ್ಯಾನ್ ತಿರುಗಲು ಕರೆಂಟ್ ಬೇಕೇ ಬೇಕು. ಆ ವಾರ ಟೆಕ್ಸಾಸಿನಲ್ಲಿ ಜನ ಮನೆಯೊಳಗೆ ಇದ್ದಿಲ ಗ್ರಿಲ್ ಉರಿಸಿ, ಗ್ಯಾರೇಜಿನಲ್ಲಿ ಕಾರು, ಜನರೇಟರ್ ಓಡಿಸಿ ವಿಷಾನಿಲಕ್ಕೆ ಸಿಕ್ಕಿ ಸತ್ತರು. ಊರಿನ ಅಗ್ಗಿಷ್ಟಿಕೆಯ ನೆನಪಿನಲ್ಲಿ ಹಿರಿಯರು ಯಾರಾದರೂ ಕೆಂಡ ಒಳಗೆ ತರೋಣ ಎಂದರೆ ದಯವಿಟ್ಟು ತಡೆಯಿರಿ. ಹೆಂಚಿನ ಮನೆಯಲ್ಲಿ ಗಾಳಿ ಸಂದುಗೊಂದಿನಿಂದ ಓಡಾಡುತ್ತಿತ್ತು. ಇಲ್ಲಿಯ ಮನೆಗಳು ಡಬ್ಬಿ ಮುಚ್ಚಿದಂತೆ.

ಡೆಟ್ರಾಯಿಟ್ ದಾರಿ
ಅಕ್ಟೋಬರ್ 6, ಬೆಳಿಗ್ಗೆ 10:45

2019ರ ಜನವರಿ 30ರಂದು ಮಿಷಿಗನ್ನಿನ ಕೊಳವೆಗಳಲ್ಲಿ ಗ್ಯಾಸ್ ತಳ್ಳುವ ರೇ ಕಂಪ್ರೆಸರ್ ನಿಲ್ದಾಣದಲ್ಲಿ ಬೆಂಕಿ ಬಿದ್ದು ಗ್ಯಾಸ್ ಪೂರೈಕೆ ಕುಗ್ಗಿದಾಗ ಎಲ್ಲರ ಮೊಬೈಲಿಗೂ ಸಂದೇಶ ಬಂತು, ಥರ್ಮೋಸ್ಟಾಟ್ 65ಕ್ಕೆ ಇಳಿಸಿ ಎಂದು. ಹೊರಗೆ ಹಲ್ಲು ಕಡಿಯುವ ಚಳಿ. ಇಳಿಸಿದೆವು, ಬದುಕಿದೆವು. ಮಿನ್ನಿಯಾಪೊಲಿಸ್‌ನಲ್ಲಿ ಅಂದು ಸೊನ್ನೆ ಫ್ಯಾರನ್‌ಹೀಟ್‌ಗಿಂತ 28 ಕೆಳಗೆ. ಅಂಥ ದಿನ ಫರ್ನೇಸ್ ಕೆಟ್ಟರೆ ತಂತ್ರಜ್ಞರು ಸಿಗುವುದು ಮೂರು ದಿನಕ್ಕೋ ನಾಲ್ಕು ದಿನಕ್ಕೋ. ಆದ್ದರಿಂದಲೇ ಇದು ಅಕ್ಟೋಬರ್‌ನ ಕೆಲಸ.

ಟೊರೊಂಟೊ ತುಂಗಭದ್ರೆ
ಅಕ್ಟೋಬರ್ 6, ಮಧ್ಯಾಹ್ನ 12:20

ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಇದನ್ನು ಓದಿ. ನಾಲ್ಕು ವರ್ಷದ ಹಿಂದೆ ತಮ್ಮನ ಮದುವೆಗೆಂದು ಮೂರು ವಾರ ಹೊಸಪೇಟೆಗೆ ಹೋಗಿದ್ದೆವು. ಥರ್ಮೋಸ್ಟಾಟಿನ ಬ್ಯಾಟರಿ ಸತ್ತಿತು. ಫರ್ನೇಸ್ ನಿಂತಿತು, ಅಡುಗೆಮನೆಯ ಹೊರಗೋಡೆಯಲ್ಲಿದ್ದ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯಿತು. ಬಾಗಿಲು ತೆರೆದಾಗ ಮಕ್ಕಳ ಪುಸ್ತಕಗಳು ನೀರಿನಲ್ಲಿ ತೇಲುತ್ತಿದ್ದವು. ಮದುವೆಯ ಸೀರೆಗಳ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಅತ್ತುಬಿಟ್ಟೆ. ಎರಡು ರೂಪಾಯಿಯ ಕೆಲಸ, ಬ್ಯಾಟರಿ ಬದಲಿಸುವುದು.

ಈಗ ಹೊರಡುವ ಮುನ್ನ ನೀರಿನ ಮುಖ್ಯ ನಲ್ಲಿ ಮುಚ್ಚುತ್ತೇವೆ, ಕೊಳವೆಯಲ್ಲಿ ಉಳಿದ ನೀರು ಹರಿಸುತ್ತೇವೆ, ಶಾಖವನ್ನು 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸುವುದಿಲ್ಲ. ನೀರು ಮುಚ್ಚುವ ದಿನ ಹ್ಯೂಮಿಡಿಫೈಯರನ್ನೂ ಆರಿಸುತ್ತೇವೆ. ಪಕ್ಕದ ಮನೆಯವರ ಕೈಯಲ್ಲಿ ಬೀಗದ ಕೈ ಇರುತ್ತದೆ, ವಾರಕ್ಕೆರಡು ಸಲ ಒಳಗೆ ಬಂದು ನೋಡುತ್ತಾರೆ. ವಾಪಸ್ ಬರುವಾಗ ಅವರಿಗೆ ಧಾರವಾಡ ಪೇಡೆ.

ಬಿಸಿಲೂರಿನವಳು
ಅಕ್ಟೋಬರ್ 12, ರಾತ್ರಿ 8:30

ವಿಜಯದಶಮಿಯ ಶುಭಾಶಯಗಳು. ತಂತ್ರಜ್ಞರು ನಿನ್ನೆ ಬಂದಿದ್ದರು. ಗಾಳಿಯಂತ್ರ ಅವರು ಹೇಳಿದ್ದೇ ಸರಿ: ಫ್ಲೇಮ್ ಸೆನ್ಸರ್ ಮೇಲೆ ಸುಣ್ಣ ಬಳಿದಂತೆ ಪೊರೆ. ಉಜ್ಜಿ ಹಾಕಿದ ಮೇಲೆ ಮೊದಲ ಸಲಕ್ಕೇ ಹೊತ್ತಿತು. ಅಳತೆಗಳನ್ನೆಲ್ಲ ಬರೆದುಕೊಡಲು ಕೇಳಿದೆ. ಆಕೆ ಕಣ್ಣರಳಿಸಿ, ಹೀಗೆ ಕೇಳುವವರು ಅಪರೂಪ ಎಂದು ಪ್ರತಿಯೊಂದನ್ನೂ ವಿವರಿಸಿದರು. ಹೀಟ್ ಎಕ್ಸ್‌ಚೇಂಜರ್ ಚೆನ್ನಾಗಿದೆ. ಹೊಗೆ ತಣಿದು ಇಳಿಯುವ ನೀರಿನ ಕೊಳವೆಯಲ್ಲಿ ಮಾತ್ರ ಲೋಳೆ ಕಟ್ಟಿತ್ತು. ಹಾಗೆಯೇ ಬಿಟ್ಟಿದ್ದರೆ ಜನವರಿಯಲ್ಲಿ ನೀರು ಹಿಂದಕ್ಕೆ ನಿಂತು ಪ್ರೆಷರ್ ಸ್ವಿಚ್ ತಡೆಯುತ್ತಿತ್ತಂತೆ. ತೊಳೆದರು. ಕಣಜದ ಗೂಡನ್ನು ನಮ್ಮವರೇ ಕೆರೆದು ತೆಗೆದಿದ್ದರು.

ರಾತ್ರಿ ಎಷ್ಟು ಡಿಗ್ರಿ ಇಡುವುದು?

ಗಾಳಿಯಂತ್ರ
ಅಕ್ಟೋಬರ್ 12, ರಾತ್ರಿ 9:15

ಹಗಲು 68 ಫ್ಯಾರನ್‌ಹೀಟ್ ಸಾಮಾನ್ಯ. ದಿನಕ್ಕೆ ಎಂಟು ಗಂಟೆ ಏಳರಿಂದ ಹತ್ತು ಡಿಗ್ರಿ ಇಳಿಸಿದರೆ ವರ್ಷದ ಖರ್ಚಿನಲ್ಲಿ ಶೇಕಡ ಹತ್ತರವರೆಗೆ ಉಳಿತಾಯ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಆದರೆ ಹಸುಗೂಸು, ಮೊದಲ ಸಲ ಬರುವ ಹಿರಿಯರು ಇರುವ ಮನೆ. ಈ ವರ್ಷ ರಾತ್ರಿಯೂ 68ರಲ್ಲೇ ಬಿಡಿ. ಅಮ್ಮ ತರುವ ಕೊಬ್ಬರಿ ಎಣ್ಣೆ 76ರ ಕೆಳಗೆ ಗಟ್ಟಿಯಾಗುತ್ತದೆ. ಮನೆ ತಣ್ಣಗಿದೆ ಎಂದು ಅವರು ಅದನ್ನೇ ಸಾಕ್ಷಿಗೆ ತಂದರೆ ಗಾಬರಿಯಾಗಬೇಡಿ.

ಬಿಸಿಲೂರಿನವಳು
ನವೆಂಬರ್ 9, ಸಂಜೆ 6:10

ಅಪ್ಪ ಅಮ್ಮ ಬಂದು ಹತ್ತು ದಿನವಾಯಿತು. ಈ ಎಲ್ಲ ಮಾತುಗಳನ್ನು ಅಪ್ಪನಿಗೆ ಓದಿ ಹೇಳಿದೆ. ಬೆಂಕಿ ಎಲ್ಲಿದೆ ತೋರಿಸು ಎಂದರು. ಕಿಂಡಿಯ ಮುಂದೆ ಸ್ಟೂಲ್ ಹಾಕಿ ಕೂರಿಸಿದೆ. ಗುಂಯ್ ಎಂದಿತು, ಕೆಂಪಾಯಿತು, ಹೊತ್ತಿತು. ಬ್ಲೋವರ್ ಶುರುವಾಗುವವರೆಗೂ ಎದ್ದೇಳಲಿಲ್ಲ. ಹೊಸ ಫಿಲ್ಟರಿನ ಅಂಚಿನ ಮೇಲೆ ಅವರದೇ ಕೈಬರಹದಲ್ಲಿ ದಿನಾಂಕ ಬರೆದಿದ್ದಾರೆ, ಕನ್ನಡ ಅಂಕಿಗಳಲ್ಲಿ. ಮುಂದಿನ ಸಲ ಬದಲಿಸುವುದು ತನ್ನ ಕೆಲಸ ಎಂದಿದ್ದಾರೆ.

ನಾಳೆ ಹಿಮ ಬೀಳುತ್ತದೆ ಎಂಬ ಮುನ್ಸೂಚನೆ ಇದೆ.

ಹಂಡೆ ಒಲೆ
ನವೆಂಬರ್ 9, ಸಂಜೆ 6:25

ಹಾಗಾದರೆ ಇವತ್ತು ಕತ್ತಲಾಗುವ ಮುನ್ನ ಆ ಎರಡು ಬಿಳಿ ಕೊಳವೆಗಳ ಪಕ್ಕ ಉದ್ದನೆಯ ಕೋಲೊಂದನ್ನು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ. ಹಿಮ ರಾಶಿಯಾದಾಗ ಎಲ್ಲಿ ಕೆರೆಯಬೇಕೆಂಬುದು ತಿಳಿಯಬೇಕು, ದಾರಿಯ ಹಿಮ ಬಾಚುವವರು ಅದರ ಮೇಲೆ ಸುರಿಯದಿರಲಿ. ಸುತ್ತ ಎರಡು ಮೂರು ಅಡಿ ತೆರವಾಗಿರಲಿ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ನೋಡಿ ಬನ್ನಿ, ಅಪ್ಪನಿಗೆ ಕಿವಿ ಮುಚ್ಚುವ ಟೋಪಿ ಹಾಕಿ ಜೊತೆಗೆ ಕರೆದುಕೊಂಡು ಹೋಗಿ.